ಕೀಲಿಯುಳ್ಳ ಫೋನು, ಮುಕ್ತ ತಂತ್ರಾಂಶ ಮತ್ತು ಕೊಂಡವನ ಹಕ್ಕು

ಪ್ರತಿವರ್ಷವೂ ಈ ಸ್ಮರಣ ಸಂಚಿಕೆಯಲ್ಲಿ ಮಧುಮೇಹ, ರಕ್ತದೊತ್ತಡ, ಸಂಧಿವಾತ ಮೊದಲಾದ ವಿಷಯಗಳನ್ನು ಕುರಿತು ಬಲ್ಲ ವೈದ್ಯರು ಬರೆಯುವ ಲೇಖನಗಳನ್ನು ನಾವೆಲ್ಲರೂ ಆಸಕ್ತಿಯಿಂದ ಓದುತ್ತ ಬಂದಿದ್ದೇವೆ. ವಾಣಿಜ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಆಯುಷ್ಯದ ಅರ್ಧವನ್ನು ಕಳೆದಿರುವ ನನ್ನಂಥವನು ಆರೋಗ್ಯದ ವಿಷಯದಲ್ಲಿ ಉಪದೇಶ ಮಾಡಹೊರಟರೆ ಅದು ಅಧಿಕಪ್ರಸಂಗವೇ ಆದೀತು. ಆದರೆ ಕೈಬೆರಳಿಗೂ ಕೈಯಲ್ಲಿರುವ ಯಂತ್ರಕ್ಕೂ ಇರುವ ಸಂಬಂಧದಲ್ಲಿ ವೈದ್ಯಕ್ಕೆ ಸೇರಿದ ಅಂಶ ಎಷ್ಟಿದೆಯೋ ಲೆಕ್ಕಪತ್ರಕ್ಕೂ ಕಾನೂನಿಗೂ ಸೇರಿದ ಅಂಶ ಅಷ್ಟೇ ಇದೆ. ಈ ಎರಡನೆಯ ಭಾಗದ ಬಗೆಗೆ ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸ್ಮಾರ್ಟ್‌ಫೋನಿನಿಂದ ಕೀಲಿಗಳು ಮಾಯವಾಗಿ ಒಂದು ದಶಕವೇ ಕಳೆದಿದೆ. ಈಗ ಎಲ್ಲೆಲ್ಲಿಯೂ ಗಾಜಿನ ಹಲಗೆ. ಬೆರಳಿನಲ್ಲಿರುವ ಅತ್ಯಲ್ಪ ವಿದ್ಯುದ್ವಾಹಕ ಗುಣವನ್ನು ಗ್ರಹಿಸಿ ಈ ಗಾಜು ಕೆಲಸ ಮಾಡುತ್ತದೆ. ಎಳೆಯ ಬೆರಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ವಯಸ್ಸಾದಂತೆ ಬೆರಳ ತುದಿಯ ಚರ್ಮ ಒಣಗುತ್ತದೆ. ನಮ್ಮ ಪುರಂದರ ತಾಲ್ಲೂಕಿನ ಅಂಜೂರ, ಸೀತಾಫಲದ ತೋಟಗಳಲ್ಲಿ ದುಡಿದ ಕೈಗಳಲ್ಲಂತೂ ಚರ್ಮ ದಡ್ಡುಗಟ್ಟಿರುತ್ತದೆ. ಅಂಥ ಬೆರಳನ್ನು ಗಾಜು ಹಲವು ವೇಳೆ ಗುರುತಿಸುವುದೇ ಇಲ್ಲ. ಕೈ ನಡುಗುವವರು ಒಂದು ಅಕ್ಷರವನ್ನು ಒತ್ತಲು ಹೋದರೆ ಪಕ್ಕದ ಎರಡು ಅಕ್ಷರಗಳು ಬೀಳುತ್ತವೆ. ಕಣ್ಣು ಮಂಜಾದವರಿಗೆ ಎಲ್ಲಿ ಒತ್ತಬೇಕೆಂಬುದೇ ತಿಳಿಯದು. ಕೀಲಿಯ ಗುಣ ಬೇರೆ. ಅದರ ಮೇಲೆ ಬೆರಳನ್ನು ಇಟ್ಟುಕೊಂಡು ಒಂದು ಕ್ಷಣ ಯೋಚಿಸಬಹುದು. ಒತ್ತುವವರೆಗೆ ಅದು ಕಾಯುತ್ತದೆ, ಒತ್ತಿದಾಗ ಒತ್ತಿದೆನೆಂದು ಬೆರಳಿಗೇ ಗೊತ್ತಾಗುತ್ತದೆ. ಹಳೆಯ ಫೋನುಗಳ ಐದನೆಯ ಅಂಕಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತಷ್ಟೆ? ಕಣ್ಣಿಲ್ಲದವರು ಆ ಒಂದು ಉಬ್ಬನ್ನು ಹಿಡಿದು ಉಳಿದೆಲ್ಲ ಅಂಕಿಗಳನ್ನು ಲೆಕ್ಕ ಹಾಕಿ ಒತ್ತುತ್ತಿದ್ದರು.

ಇದರ ಪರಿಣಾಮವನ್ನು ಬ್ಯಾಂಕಿನಲ್ಲಿ ಕುಳಿತವನು ಪ್ರತಿದಿನವೂ ನೋಡುತ್ತಾನೆ. ನಿವೃತ್ತಿವೇತನದ ಖಾತೆಯುಳ್ಳ ಹಿರಿಯರು ಕೌಂಟರಿನ ಬಳಿಗೆ ಬಂದು, ತಮ್ಮ ಫೋನನ್ನೇ ಮುಂದೆ ಚಾಚುತ್ತಾರೆ. ಕಲಬುರಗಿಯ ಕಡೆಯಿಂದ ಬಂದು ಸಾಸವಡದಲ್ಲಿಯೇ ನೆಲೆಸಿದ ಹಿರಿಯರೊಬ್ಬರು ಒಮ್ಮೆ, “ಸಾಹೇಬ್ರ, ಈ ಗಾಜಿಗೆ ನನ್ನ ಬೆರಳಿನ ಗುರ್ತ ಹತ್ತವಲ್ದ್ರಿ, ನೀವಽ ಒತ್ತಿ ಕೊಡ್ರಿ” ಎಂದು ಹೇಳಿ, ತಮ್ಮ ರಹಸ್ಯ ಸಂಖ್ಯೆಯನ್ನು ನಾಲ್ಕು ಜನರ ಎದುರಿಗೆ ಗಟ್ಟಿಯಾಗಿ ಓದಿ ಹೇಳಿದರು. ಹಾಗೆ ಹೇಳಬಾರದೆಂದು ನಾವು ಗೋಡೆಯ ಮೇಲೆ ಫಲಕ ಹಾಕಿದ್ದೇವೆ. ಫಲಕ ಹಾಕುವುದು ಸುಲಭ. ಆದರೆ ಒತ್ತಲಾಗದ ಬೆರಳಿನವರು ಏನು ಮಾಡಬೇಕು? ಇಂದು ಬ್ಯಾಂಕಿನ ಅಧಿಕಾರಿಯ ಮುಂದೆ ಹೇಳಿದ ಸಂಖ್ಯೆಯನ್ನು ನಾಳೆ ಅವರು ದಾರಿಹೋಕನ ಮುಂದೆಯೂ ಹೇಳುವರು.

ಹಾಗಾದರೆ ಕೀಲಿಯುಳ್ಳ ಸ್ಮಾರ್ಟ್‌ಫೋನುಗಳು ಇರಲಿಲ್ಲವೇ ಎಂದು ಕೇಳಬಹುದು. ಇದ್ದುವು. ಕೆನಡಾ ದೇಶದ ಬ್ಲ್ಯಾಕ್‌ಬೆರಿಯನ್ನು ನಮ್ಮ ವ್ಯಾಪಾರಿ ವರ್ಗವೆಲ್ಲ ಒಂದು ಕಾಲಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಿತ್ತು. ಫಿನ್ಲೆಂಡಿನ ನೋಕಿಯಾ ಸಂಸ್ಥೆ 2009ರಲ್ಲಿ ಎನ್900 ಎಂಬ, ಪಕ್ಕಕ್ಕೆ ಜಾರುವ ಮೂರು ಸಾಲಿನ ಕೀಲಿಮಣೆಯುಳ್ಳ ಫೋನನ್ನು ಹೊರತಂದಿತು. ಮೋಟೊರೋಲದ ಡ್ರಾಯ್ಡ್ 4 ಅಮೆರಿಕದಲ್ಲಿ 2012ರಲ್ಲಿ ಬಂದಿತು. ಆಮೇಲೆ ದೊಡ್ಡ ಕಂಪನಿಗಳು ಒಂದೊಂದಾಗಿ ಈ ದಾರಿಯನ್ನು ಬಿಟ್ಟವು. ಲಂಡನ್ನಿನ ಪ್ಲಾನೆಟ್ ಕಂಪ್ಯೂಟರ್ಸ್ ಸಂಸ್ಥೆಯವರು 2018ರಲ್ಲಿ ಜೆಮಿನಿಯನ್ನೂ, ಅದೇ ಊರಿನ ಎಫ್‌ಎಕ್ಸ್‌ಟೆಕ್ ಎಂಬವರು 2019ರಲ್ಲಿ ಪ್ರೊ1 ಎಂಬುದನ್ನೂ ತಂದರು. ಇವೆಲ್ಲವೂ ಕೆಲವೇ ಸಾವಿರ ಗ್ರಾಹಕರನ್ನು ನಂಬಿದ ಸಣ್ಣ ಸಾಹಸಗಳು. ಕೀಲಿಯುಳ್ಳ ಫೋನು ಇಂದು ಕಿರುಮಾರುಕಟ್ಟೆಯ ವಸ್ತು. ಕಿರುಮಾರುಕಟ್ಟೆಯ ವಸ್ತುವಿಗೆ ಏನು ಗತಿಯಾಗುವುದೆಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ಸ್ವಲ್ಪ ವಿಚಾರಿಸೋಣ.

ವಾಣಿಜ್ಯದ ಮೊದಲ ವರ್ಷದ ವಿದ್ಯಾರ್ಥಿಗೂ ಸವಕಳಿ ಎಂದರೇನೆಂಬುದು ಗೊತ್ತು. ಒಂದು ಯಂತ್ರವನ್ನು ಕೊಂಡರೆ ಅದರ ಉಪಯುಕ್ತ ಆಯುಷ್ಯ ಇಂತಿಷ್ಟೆಂದು ಅಂದಾಜು ಮಾಡಿ, ಬೆಲೆಯನ್ನು ಆ ವರ್ಷಗಳಿಗೆ ಹಂಚುತ್ತೇವೆ. ಯಂತ್ರ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ, ಹೊಸ ಮಾದರಿ ಬಂದು ಹಳತಾಗುತ್ತದೆ. ಇವುಗಳಲ್ಲಿ ಯಾವುದೂ ಮಾರಿದವನ ಕೈಯಲ್ಲಿ ಇಲ್ಲ. ಪುಣೆಯಿಂದ ತಂದ ಹೊಲಿಗೆ ಯಂತ್ರವನ್ನು ಮಾರಿದ ಅಂಗಡಿಯವನು ಹತ್ತು ವರ್ಷಗಳ ನಂತರ ಮನೆಗೆ ಬಂದು, “ನಾಳೆಯಿಂದ ಇದು ಹೊಲಿಯದು” ಎಂದು ಹೇಳಿಹೋಗಲು ಬರುವುದಿಲ್ಲ. ಸ್ಮಾರ್ಟ್‌ಫೋನಿನಲ್ಲಿ ಆಗುವುದು ಇದೇ. ಕೀಲಿಗಳು ಗಟ್ಟಿಯಾಗಿವೆ, ಪರದೆ ಸ್ವಚ್ಛವಾಗಿದೆ, ಬ್ಯಾಟರಿಯನ್ನು ಬದಲಾಯಿಸಿದರೆ ಇನ್ನೂ ಐದು ವರ್ಷ ಬಾಳುವಂತಿದೆ. ಆದರೆ ಒಳಗಿನ ತಂತ್ರಾಂಶಕ್ಕೆ ತಿದ್ದುಪಡಿಗಳನ್ನು ಕಳುಹಿಸುವುದನ್ನು ಮಾಡಿದವನು ನಿಲ್ಲಿಸಿದ ದಿನದಿಂದ ಅದರ ಪುಸ್ತಕ ಬೆಲೆ ಸೊನ್ನೆಯತ್ತ ಸಾಗುತ್ತದೆ. ಭದ್ರತೆಯ ದೋಷಗಳು ಹಾಗೆಯೇ ಉಳಿಯುತ್ತವೆ, ಹೊಸ ಅಪ್ಲಿಕೇಶನ್ನುಗಳು ಕುಳಿತುಕೊಳ್ಳುವುದಿಲ್ಲ. ಅಂದರೆ ಆಸ್ತಿಯ ಆಯುಷ್ಯವನ್ನು ಮಾರಿದವನೇ, ಮಾರಿದ ಮೇಲೆ, ತನ್ನ ಅನುಕೂಲದಂತೆ ನಿಶ್ಚಯಿಸುತ್ತಾನೆ. ಕೋಟಿಗಟ್ಟಲೆ ಜನ ಕೊಳ್ಳುವ ಫೋನಿಗೆ ಕೆಲವು ವರ್ಷಗಳ ಆಯುಷ್ಯವಾದರೂ ಸಿಕ್ಕೀತು. ಕೆಲವೇ ಸಾವಿರ ಜನ ಕೊಳ್ಳುವ ಕೀಲಿಯ ಫೋನಿಗೆ ಅದೂ ದುರ್ಲಭ. ತಂತ್ರಾಂಶವನ್ನು ಸುಸ್ಥಿತಿಯಲ್ಲಿಡುವ ಖರ್ಚು ಗ್ರಾಹಕರ ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲವಾದ್ದರಿಂದ, ಇದರಲ್ಲಿ ಕಂಪನಿಯವರ ದುಷ್ಟತನಕ್ಕಿಂತ ಅಂಕಗಣಿತವೇ ಹೆಚ್ಚು ಎಂಬುದನ್ನೂ ಒಪ್ಪಬೇಕು.

ಈ ಅಂಕಗಣಿತಕ್ಕೆ ಒಂದು ಅಪವಾದವಿದೆ. ಅದೇ ಮುಕ್ತ ತಂತ್ರಾಂಶ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಕೊಡಬಹುದು. ಮಾಡಿದವನು ಕೈಬಿಟ್ಟರೂ ಬಳಸುವವರು ಕೈಹಿಡಿಯಲು ಅವಕಾಶವಿರುತ್ತದೆ. ಮೇಲೆ ಹೇಳಿದ ಎನ್900ರ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅದು ಮೇಮೊ ಎಂಬ ಲಿನಕ್ಸ್ ಆಧಾರಿತ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. 2011ರ ಫೆಬ್ರುವರಿಯಲ್ಲಿ ನೋಕಿಯಾ ಸಂಸ್ಥೆ ಮೈಕ್ರೋಸಾಫ್ಟಿನೊಡನೆ ಒಪ್ಪಂದ ಮಾಡಿಕೊಂಡು ತನ್ನ ಲಿನಕ್ಸ್ ಮಾರ್ಗಕ್ಕೆ ಬೆನ್ನು ತಿರುಗಿಸಿತು. ಇತರ ಫೋನಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಅದನ್ನು ಕೊಂಡವರಲ್ಲಿಯೇ ಕೆಲವರು ಸೇರಿ ತಿದ್ದುಪಡಿಗಳನ್ನು ತಾವೇ ಹೊರತರಲಾರಂಭಿಸಿದರು. ಮೇಮೊದ ಕೆಲವು ಭಾಗಗಳ ಮೂಲವನ್ನು ನೋಕಿಯಾ ಬಿಟ್ಟುಕೊಟ್ಟಿರಲಿಲ್ಲ. ಅವುಗಳನ್ನು ಹೊಸದಾಗಿ ಬರೆಯುವ ಹಟದಿಂದ ಮೇಮೊ ಲೆಸ್ಟೆ ಎಂಬ ಯೋಜನೆ ಹುಟ್ಟಿಕೊಂಡಿತು. 2017ರಲ್ಲಿ ಆರಂಭವಾದ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಇನ್ನೊಂದು ಯೋಜನೆಯು ಫೋನೊಂದಕ್ಕೆ ಹತ್ತು ವರ್ಷಗಳ ಆಯುಷ್ಯವಾದರೂ ದೊರೆಯಬೇಕೆಂಬ ಧ್ಯೇಯವನ್ನಿಟ್ಟುಕೊಂಡಿತು. ಅದರ ಮೊದಮೊದಲ ಫೋನುಗಳಲ್ಲಿ ಎನ್900 ಸಹ ಒಂದು. ಮೋಟೊರೋಲದ ಡ್ರಾಯ್ಡ್ 4ಕ್ಕೂ ಸ್ವಯಂಸೇವಕರು ಲಿನಕ್ಸಿನ ಮೂಲ ತಿರುಳಿನಲ್ಲಿಯೇ ಸ್ಥಾನ ದೊರಕಿಸಿಕೊಟ್ಟರು. ಎಫ್‌ಎಕ್ಸ್‌ಟೆಕ್ ಪ್ರೊ1ಕ್ಕೆ ಲೀನಿಯೇಜ್‌ಓಎಸ್ ಎಂಬ ಸ್ವಯಂಸೇವಕ ಬಳಗದವರು ಆಂಡ್ರಾಯ್ಡಿನ ಹೊಸ ಆವೃತ್ತಿಗಳನ್ನು ಸಿದ್ಧಪಡಿಸಿಕೊಟ್ಟರು. ಇವರಲ್ಲಿ ಬಹುಮಂದಿಗೆ ಸಂಬಳವಿಲ್ಲ. ತಮ್ಮ ಕೈಯಲ್ಲಿರುವ ಒಳ್ಳೆಯ ವಸ್ತುವನ್ನು ಕಸಕ್ಕೆ ಹಾಕಲು ಮನಸ್ಸು ಬಾರದವರು ಇವರು. ನಮ್ಮ ಅಜ್ಜಿಯಂದಿರು ಹರಿದ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದುದೂ ಇದೇ ಮನೋಧರ್ಮದಿಂದ.

ಇದಕ್ಕೆ ವ್ಯತಿರಿಕ್ತವಾಗಿ ಬ್ಲ್ಯಾಕ್‌ಬೆರಿಯ ಗತಿಯನ್ನು ನೋಡಿ. ಆ ಸಂಸ್ಥೆಯ ಸ್ವಂತ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದ ಫೋನುಗಳಿಗೆ 2022ರ ಜನವರಿ 4ರಂದು ಸೇವೆ ನಿಂತಿತು. ಅಂದಿನಿಂದ ಕರೆ, ಸಂದೇಶಗಳು ಸಹ ಸರಿಯಾಗಿ ನಡೆಯುತ್ತವೆಂಬ ಭರವಸೆಯಿಲ್ಲವೆಂದು ಸಂಸ್ಥೆಯೇ ತಿಳಿಸಿತು. ಜಗತ್ತಿನಲ್ಲಿಯೇ ಅತ್ಯುತ್ತಮವೆಂದು ಹೆಸರಾದ ಕೀಲಿಮಣೆಗಳು ಅವು. ಆದರೆ ಫೋನಿನ ಬೂಟ್‌ಲೋಡರಿಗೆ, ಎಂದರೆ ಫೋನು ಎಚ್ಚತ್ತಾಗ ಯಾವ ತಂತ್ರಾಂಶವನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವ ಬಾಗಿಲಕಾವಲುಗಾರನಿಗೆ, ಹಾಕಿದ ಬೀಗವನ್ನು ಸಂಸ್ಥೆ ತೆಗೆಯಲಿಲ್ಲ. ಹೀಗಾಗಿ ಸ್ವಯಂಸೇವಕರಿಗೆ ಮಾಡಲು ಏನೂ ಉಳಿಯಲಿಲ್ಲ. 2025ರಲ್ಲಿ ಚೀನದ ಜಿನ್ವಾ ಎಂಬ ಸಣ್ಣ ಸಂಸ್ಥೆ ಹಳೆಯ ಬ್ಲ್ಯಾಕ್‌ಬೆರಿ ಕ್ಲಾಸಿಕ್ ಫೋನಿನ ಒಡಲಿನಿಂದ ಮೂಲ ಫಲಕವನ್ನೇ ಕಿತ್ತು ಹೊಸ ಫಲಕವನ್ನು ಕೂಡಿಸಿ ಮಾರಹೊರಟಿತು. ಬೀಗದ ಕೈ ಸಿಗದ ಮನೆಗೆ ಗೋಡೆ ಒಡೆದು ಹೊಸ ಬಾಗಿಲಿಟ್ಟಂತೆ!

ಇಲ್ಲಿಯೇ ನನ್ನ ಮುಖ್ಯ ವಾದವಿದೆ. ಮನೆಯ ಮೇಲೆ ಸಾಲ ಕೊಡುವಾಗ ಬ್ಯಾಂಕು ಆಸ್ತಿಯ ಮೂಲ ಕಾಗದಪತ್ರಗಳನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಸಾಲ ಪೂರ್ತಿ ತೀರಿದ ಮೇಲೆಯೂ ಅವುಗಳನ್ನು ಮರಳಿಸಲು ತಿಂಗಳುಗಟ್ಟಲೆ ಅಲೆದಾಡಿಸುವ ಪದ್ಧತಿ ಕೆಲವೆಡೆ ಇತ್ತು. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ನಿರ್ದೇಶದಂತೆ, ಅದೇ ವರ್ಷದ ಡಿಸೆಂಬರ್ 1ರಿಂದ, ಸಾಲ ತೀರಿದ 30 ದಿನಗಳೊಳಗೆ ಕಾಗದಪತ್ರಗಳನ್ನು ಮರಳಿಸತಕ್ಕದ್ದು. ತಪ್ಪಿದರೆ ವಿಳಂಬವಾದ ಪ್ರತಿಯೊಂದು ದಿನಕ್ಕೂ 5,000 ರೂಪಾಯಿಗಳಂತೆ ಗ್ರಾಹಕನಿಗೆ ತೆರತಕ್ಕದ್ದು. ಈ ನಿಯಮ ಬಂದಾಗ ನಮ್ಮವರೇ ಕೆಲವರು ಗೊಣಗಿದರು; ನನಗೆ ಮಾತ್ರ ಅದು ನ್ಯಾಯವೆಂದೇ ತೋರಿತು. ಪೂರ್ತಿ ಹಣ ಕೊಟ್ಟವನಿಗೆ ಅವನ ವಸ್ತುವಿನ ಮೇಲಿನ ಪೂರ್ತಿ ಅಧಿಕಾರ ಸಿಗಬೇಡವೇ? ಫೋನಿಗೂ ಇದೇ ನ್ಯಾಯ ಅನ್ವಯಿಸಬೇಕು. ತಂತ್ರಾಂಶವನ್ನು ಪೋಷಿಸುವವರೆಗೆ ಬೂಟ್‌ಲೋಡರಿನ ಬೀಗವನ್ನು ಮಾಡಿದವನು ಇಟ್ಟುಕೊಳ್ಳಲಿ, ಅದಕ್ಕೆ ಭದ್ರತೆಯ ಕಾರಣವುಂಟು. ಪೋಷಣೆಯನ್ನು ನಿಲ್ಲಿಸಿದ ದಿನದಿಂದ ಮೂವತ್ತು ದಿನಗಳೊಳಗೆ, ಕೇಳಿದ ಗ್ರಾಹಕನಿಗೆ ಆ ಬೀಗದ ಕೈಯನ್ನು ಕೊಡಬೇಕು. ಜೊತೆಯಲ್ಲಿ ಕೀಲಿಮಣೆ, ಮೋಡೆಮ್ ಮೊದಲಾದ ಭಾಗಗಳನ್ನು ನಡೆಸಲು ಬೇಕಾದ ವಿವರಗಳನ್ನೂ ಪ್ರಕಟಿಸಬೇಕು. ಇದರಿಂದ ಕಂಪನಿಗೆ ಖರ್ಚು ಬರುವುದು ಅತ್ಯಲ್ಪ. ಹೇಗೂ ತಾನು ಕೈಬಿಟ್ಟ ವಸ್ತುವದು.

ಇದು ಕೇವಲ ಹಾರೈಕೆಯ ಮಾತೆಂದು ವಾಚಕರು ತಿಳಿಯಬಾರದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿತು. ಕೃಷಿ ಉಪಕರಣ, ವಾಹನ, ಗೃಹೋಪಯೋಗಿ ವಸ್ತುಗಳೊಡನೆ ಮೊಬೈಲು ಫೋನುಗಳೂ ಅದರ ವ್ಯಾಪ್ತಿಯಲ್ಲಿ ಬಂದಿವೆ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮವು, ಒಂದು ಮಾದರಿಯ ಮಾರಾಟ ಮುಗಿದ ಮೇಲೆ ಕನಿಷ್ಠ 5 ವರ್ಷಗಳವರೆಗೆ ತಂತ್ರಾಂಶದ ತಿದ್ದುಪಡಿಗಳ ವಿಷಯದಲ್ಲಿ ತಯಾರಕರನ್ನು ಹೊಣೆಗಾರರನ್ನಾಗಿ ಮಾಡಿದೆ. ದುರಸ್ತಿಯೆಂದರೆ ತಿರುಪು, ಪರದೆ, ಬ್ಯಾಟರಿಗಳಷ್ಟೇ ಅಲ್ಲವೆಂಬ ತಿಳಿವಳಿಕೆ ಬರುತ್ತಿದೆ. ಬೀಗದ ಕೈಯ ಮಾತನ್ನು ಇನ್ನೂ ಯಾರಾದರೂ ಗಟ್ಟಿಯಾಗಿ ಎತ್ತಬೇಕಾಗಿದೆ.

ಇದರಲ್ಲಿ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದೇನು? ಬಹಳವಿದೆ. ಕೀಲಿಯುಳ್ಳ ಫೋನು ಹೇಗೆ ಕಿರುಮಾರುಕಟ್ಟೆಯ ವಸ್ತುವೋ ಹಾಗೆಯೇ ಅದರ ಮೇಲೆ ಕನ್ನಡ ಬರೆಯುವವನು ಆ ಕಿರುಮಾರುಕಟ್ಟೆಯೊಳಗಿನ ಇನ್ನೂ ಕಿರಿಯ ಗಿರಾಕಿ. ಲಂಡನ್ನಿನಲ್ಲಿ ಕೆಲವು ಸಾವಿರ ಫೋನುಗಳನ್ನು ತಯಾರಿಸುವವನು ಅದರ ಕೀಲಿಗಳಿಗೆ ಕನ್ನಡವನ್ನು ಅಳವಡಿಸಿಯಾನೆಂದು ನಿರೀಕ್ಷಿಸುವುದು ಸಾಧುವಲ್ಲ. ಅವನು ಅಳವಡಿಸದಿದ್ದರೂ ಕೆಲಸ ನಡೆಯಬೇಕಾದರೆ ಬಾಗಿಲು ತೆರೆದಿರಬೇಕು. ಲಿನಕ್ಸಿನಲ್ಲಿ ಆ ಬಾಗಿಲು ತೆರೆದಿದೆ, ಮತ್ತು ನಮ್ಮವರು ಆಗಲೇ ಒಳಗೆ ಹೋಗಿ ಕುಳಿತಿದ್ದಾರೆ.

ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ನಾಡೋಜ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ವಾಚಕರಲ್ಲಿ ಅನೇಕರು ಬಲ್ಲರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಮನೆಮನೆಗೆ ತಲುಪಿತು. ಕರ್ನಾಟಕ ಸರ್ಕಾರವೂ ಅದನ್ನೇ ಶಿಷ್ಟ ವಿನ್ಯಾಸವೆಂದು ಅಂಗೀಕರಿಸಿತು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರದ ಕೀಲಿಗಳಲ್ಲಿಯೇ ನಮ್ಮ ವರ್ಣಮಾಲೆಯೆಲ್ಲ ಅಡಗಿರುವುದು ಅದರ ಸೊಗಸು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಿದರಾಯಿತು. ಎಫ್ ಎಂಬುದು ಒತ್ತಕ್ಷರದ ಕೊಂಡಿ. ಮೇಜಿನ ಮೇಲಿನ ಗಣಕದಲ್ಲಿ ಈ ಮಿತವ್ಯಯದ ಬೆಲೆ ನಮಗೆ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಕೀಲಿಗಳು ನೂರಕ್ಕೂ ಹೆಚ್ಚು. ಫೋನಿನ ಮೂರು ಸಾಲಿನ ಪುಟ್ಟ ಕೀಲಿಮಣೆಗೆ ಬಂದಾಗ ತಿಳಿಯುತ್ತದೆ. ಭಾರತ ಸರ್ಕಾರ 1986ರಲ್ಲಿ ರೂಪಿಸಿದ, ನಮ್ಮ ಪುಣೆಯ ಸಿ-ಡಾಕ್ ಸಂಸ್ಥೆಯವರು ಪೋಷಿಸಿ ಪ್ರಚಾರಪಡಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೂ ದೊಡ್ಡ ಗುಣವೊಂದುಂಟು: ಮರಾಠಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಅದರಲ್ಲಿ ಒಂದೇ ಕೀಲಿ, ಒಂದು ಭಾಷೆಯಲ್ಲಿ ಕಲಿತವನು ಇನ್ನೊಂದರಲ್ಲಿ ಬರೆಯಬಲ್ಲ. ಆದರೆ ಅದರಲ್ಲಿ ಚ, ಟ, ಡ, ಯ ಮುಂತಾದ ಅಕ್ಷರಗಳು ಇಂಗ್ಲಿಷಿನ ಅರ್ಧವಿರಾಮ, ಆವರಣ, ಓರೆಗೆರೆ ಮೊದಲಾದ ಚಿಹ್ನೆಗಳ ಕೀಲಿಗಳ ಮೇಲೆ ಕುಳಿತಿವೆ. ಫೋನಿನ ಸಣ್ಣ ಕೀಲಿಮಣೆಯಲ್ಲಿ ಆ ಚಿಹ್ನೆಗಳಿಗೆ ಹಲವು ವೇಳೆ ಪ್ರತ್ಯೇಕ ಕೀಲಿಯೇ ಇರುವುದಿಲ್ಲ. ಆದುದರಿಂದ ಕೀಲಿಯುಳ್ಳ ಫೋನಿಗೆ ಕೆ.ಪಿ. ರಾವ್ ವಿನ್ಯಾಸವೇ ಹೇಳಿಮಾಡಿಸಿದಂಥದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳನ್ನು ಕೂಡಿಸಿದ ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನ ಕೀಲಿಮಣೆಗಳ ಸಾಮಾನ್ಯ ಭಂಡಾರದಲ್ಲಿ ಸೇರಿದೆ. ಅದೇ ಭಂಡಾರವನ್ನು ಲಿನಕ್ಸ್ ಫೋನುಗಳೂ ಬಳಸುತ್ತವೆ. ಇನ್ನೊಂದು ಸಂಗತಿ ನನಗೆ ಬಹಳ ಹರ್ಷವನ್ನು ತಂದಿತು. ಅಲ್ಲಿ ಕನ್ನಡದ ಕಗಪ ಮಾತ್ರವಲ್ಲ, ಮರಾಠಿ ಕಗಪ, ಹಿಂದಿ ಕಗಪ, ತೆಲುಗು ಕಗಪ, ಸಂಸ್ಕೃತ ಕಗಪ ಎಂಬ ವಿನ್ಯಾಸಗಳೂ ಇವೆ. ಕರಾವಳಿಯ ಕನ್ನಡಿಗರೊಬ್ಬರ ವಿನ್ಯಾಸದಲ್ಲಿ ಆಚಾರ್ಯ ಅತ್ರೆಯವರ ಈ ತಾಲ್ಲೂಕಿನ ಮರಾಠಿ ಬಾಲಕನೂ ತನ್ನ ಭಾಷೆಯನ್ನು ಬರೆಯಬಹುದು; ಯಾರ ಅನುಮತಿಯೂ ಬೇಕಾಗಿಲ್ಲ, ಯಾರಿಗೂ ಕಾಸು ಕೊಡಬೇಕಾಗಿಲ್ಲ. ಅಕ್ಷರಗಳ ಆಕಾರದ ವಿಷಯದಲ್ಲಿಯೂ ಹೀಗೆಯೇ. ರೆಡ್ ಹ್ಯಾಟ್ ಸಂಸ್ಥೆಯು 2004ರಲ್ಲಿ ಆರಂಭಿಸಿದ ‘ಲೋಹಿತ್’ ಎಂಬ ಮುಕ್ತ ಅಕ್ಷರಮಾಲೆಗಳಲ್ಲಿ ಕನ್ನಡವೂ ಸೇರಿತು. ಅವುಗಳ ಪೋಷಣೆಯ ಬಹುಪಾಲು ಕೆಲಸ ನಡೆದದ್ದು ಪುಣೆಯ ಕಚೇರಿಯ ಎಂಜಿನಿಯರುಗಳಿಂದ. ದಿವೆ ಘಾಟಿನ ಆಚೆಗೆ ನಡೆದ ಈ ಕೆಲಸ ಘಾಟಿನ ಈಚೆಗೆ ಇರುವ ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ?

ಬೆಂಗಳೂರಿನ ಸಿಂಪ್ಯೂಟರನ್ನು ಈ ಸಂದರ್ಭದಲ್ಲಿ ನೆನೆಯದೆ ಮುಂದುವರಿಯುವುದು ಕೃತಘ್ನತೆಯಾದೀತು. ಸ್ಮಾರ್ಟ್‌ಫೋನೆಂಬ ಪದವೇ ನಮ್ಮಲ್ಲಿ ರೂಢಿಗೆ ಬರುವ ಮುನ್ನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ ಯೋಚಿಸಿದ, ಅಂಗೈಯಲ್ಲಿ ಹಿಡಿಯುವ, ಲಿನಕ್ಸಿನ ಮೇಲೆ ನಡೆಯುವ, ಭಾರತೀಯ ಭಾಷೆಗಳ ಗಣಕಯಂತ್ರ ಅದು. ಅದಕ್ಕೆ ಕೀಲಿಮಣೆ ಇರಲಿಲ್ಲ, ಕಡ್ಡಿಯಿಂದ ಒತ್ತಬೇಕಾಗಿತ್ತು. 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದರೂ ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಯಂತ್ರ ಹೋಯಿತು, ಆದರೆ ಅದಕ್ಕಾಗಿ ರಮೇಶ್ ಹರಿಹರನ್ ಅವರು ಆರಂಭಿಸಿದ ‘ಧ್ವನಿ’ ಎಂಬ, ಬರೆದುದನ್ನು ಓದಿ ಹೇಳುವ ತಂತ್ರಾಂಶ ಹೋಗಲಿಲ್ಲ. ಅದರ ಮೂಲ ಮುಕ್ತವಾಗಿದ್ದುದರಿಂದ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸಂತೋಷ್ ತೋಟ್ಟಿಂಗಲ್ ಅವರು ಅದನ್ನು ಎತ್ತಿಕೊಂಡು ಬೆಳೆಸಿದರು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳನ್ನು ಅದು ಓದುವಂತಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಕೂಸು ಕೇರಳದ ತೊಟ್ಟಿಲಲ್ಲಿ ಬೆಳೆಯಿತು. ಮೂಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ಸಿಂಪ್ಯೂಟರಿನೊಡನೆ ಅದೂ ಮಣ್ಣಾಗುತ್ತಿತ್ತು.

‘ಉಚಿತ’ ಮತ್ತು ‘ಮುಕ್ತ’ ಎಂಬ ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತಿರುವುದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕು. 2017ರಲ್ಲಿ ಬಂದ ಜಿಯೋಫೋನನ್ನು ತೆಗೆದುಕೊಳ್ಳಿ. ಮರಳಿಸತಕ್ಕ 1,500 ರೂಪಾಯಿಗಳ ಠೇವಣಿಗೆ ದೊರೆತ ಆ ಅಂಕಿಗೀಲಿಯ ಫೋನು ಲಕ್ಷಾಂತರ ಬಡವರ ಮನೆಗಳಿಗೆ ಅಂತರಜಾಲವನ್ನು ತಲುಪಿಸಿತು. ಅದರ ಕೈಓಎಸ್ ವ್ಯವಸ್ಥೆ ಮೊಜಿಲ್ಲಾದವರ ಮುಕ್ತವಾದ ಫೈರ್‌ಫಾಕ್ಸ್ ಓಎಸ್‌ನಿಂದ ಹುಟ್ಟಿದ್ದು. 2018ರಲ್ಲಿ ಅದಕ್ಕೆ ವಾಟ್ಸಪ್ ಬಂದಾಗ ಎಷ್ಟೋ ಅಜ್ಜಿಯರು ಕೀಲಿ ಒತ್ತಿಯೇ ಮೊಮ್ಮಕ್ಕಳಿಗೆ ಸಂದೇಶ ಕಳುಹಿಸಿದರು. 2024ರಲ್ಲಿ ಕೈಓಎಸ್ ಫೋನುಗಳಿಗೆ ವಾಟ್ಸಪ್ಪನ್ನು ಹೊಸದಾಗಿ ಕೊಡುವುದು ನಿಂತಿತು. ಇದ್ದವರಿಗೂ 2025ರ ಆರಂಭದವರೆಗೆ ಮಾತ್ರ ಎಂಬ ಸೂಚನೆ ಬಂದಿತು. ಬುಡ ಮುಕ್ತವಾಗಿದ್ದರೂ ಬಾಗಿಲಿಗೆ ಬೀಗವಿದ್ದ ಫೋನು ಅದು, ಮತ್ತು ಅದರ ಮೇಲೆ ಜನ ಮುಖ್ಯವಾಗಿ ಬಳಸುತ್ತಿದ್ದ ಸೇವೆ ಒಂದು ಖಾಸಗಿ ಕಂಪನಿಯದು. ಕೊಂಡವರು ತಮಗೆ ಬೇಕಾದುದನ್ನು ಅದರೊಳಗೆ ಹಾಕಿಕೊಳ್ಳುವಂತಿರಲಿಲ್ಲ. ಅಲ್ಲಿ ಉಚಿತದ ಅಂಶ ಬಹಳವಿತ್ತು, ಮುಕ್ತದ ಅಂಶ ಗ್ರಾಹಕನ ಕೈಗೆ ಬರಲೇ ಇಲ್ಲ.

ಆಕ್ಷೇಪಣೆಗಳಿಲ್ಲವೆಂದಲ್ಲ. ಸ್ವಯಂಸೇವಕರು ನಡೆಸುವ ಕೆಲಸಕ್ಕೆ ಗ್ಯಾರಂಟಿಯಿಲ್ಲ. ಇಂಥ ಎಷ್ಟೋ ಫೋನುಗಳಲ್ಲಿ ಪರದೆ ಬೆಳಗುತ್ತದೆ, ಕೀಲಿ ಒತ್ತಿದರೆ ಅಕ್ಷರ ಬೀಳುತ್ತದೆ, ಆದರೆ ಕ್ಯಾಮೆರಾ ನಡೆಯದು ಅಥವಾ ಕರೆಯ ಮಧ್ಯದಲ್ಲಿ ಧ್ವನಿ ನಿಲ್ಲುತ್ತದೆ. ಹಳೆಯ ಎನ್900 ಫೋನು 2ಜಿ, 3ಜಿಗಳನ್ನು ಮಾತ್ರ ಬಲ್ಲದು. ಸಂಪರ್ಕಜಾಲವೇ 4ಜಿಗೆ ಹೋದರೆ ತಂತ್ರಾಂಶ ಎಷ್ಟು ಚೊಕ್ಕವಾಗಿದ್ದರೂ ಅದು ಫೋನಾಗಿ ಉಳಿಯದೆ ಟಿಪ್ಪಣಿ ಪುಸ್ತಕವಾಗುತ್ತದೆ. ನಮ್ಮ ಬ್ಯಾಂಕುಗಳ ಅಪ್ಲಿಕೇಶನ್ನುಗಳಲ್ಲಿ ಅನೇಕವು ಬೀಗ ತೆಗೆದ ಫೋನಿನಲ್ಲಿ ನಡೆಯಲು ಒಪ್ಪುವುದಿಲ್ಲ. ಬೀಗ ತೆಗೆದ ಬಾಗಿಲಿನಿಂದ ಯಜಮಾನನಂತೆ ಕಳ್ಳನೂ ಒಳಬರಬಹುದಾದ್ದರಿಂದ ಈ ಎಚ್ಚರಿಕೆಯನ್ನು ನಾನು ತಪ್ಪೆನ್ನಲಾರೆ; ಆದರೆ ತಯಾರಕ ಕೈಬಿಟ್ಟು ಐದು ವರ್ಷಗಳಿಂದ ತಿದ್ದುಪಡಿ ಕಾಣದ ಬೀಗದ ಫೋನನ್ನು ನಂಬಿ, ಕಳೆದ ತಿಂಗಳ ತಿದ್ದುಪಡಿಯುಳ್ಳ ಮುಕ್ತ ಫೋನನ್ನು ಹೊರಗಿಡುವುದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಮ್ಮ ವೃತ್ತಿಯವರು ಇನ್ನೊಮ್ಮೆ ಆಲೋಚಿಸಬೇಕು. ಅಲ್ಲಿಯವರೆಗೆ ಹಣದ ವ್ಯವಹಾರಕ್ಕೆ ಹಿರಿಯರು ಸಾಮಾನ್ಯ ಅಂಕಿಗೀಲಿಯ ಫೋನನ್ನೇ ಬಳಸಬಹುದು. ರಿಸರ್ವ್ ಬ್ಯಾಂಕು 2022ರ ಮಾರ್ಚಿಯಲ್ಲಿ ಆರಂಭಿಸಿದ ಯುಪಿಐ 123ಪೇ ಇಂಥ ಫೋನುಗಳಿಗಾಗಿಯೇ ಇದೆ; ಒಂದು ಬಾರಿಗೆ ಕಳುಹಿಸಬಹುದಾದ ಮೊತ್ತದ ಮಿತಿಯನ್ನು 5,000ದಿಂದ 10,000 ರೂಪಾಯಿಗಳಿಗೆ ಏರಿಸಲಾಗಿದೆ. ಇದರ ವಿಷಯವನ್ನು ಗ್ರಾಹಕರಿಗೆ ತಿಳಿಸುವವರೇ ಕಡಿಮೆ.

ಪತ್ರ ಬರೆಯುವ ವಿಷಯ ಬೇರೆ. ನಮ್ಮ ಹಿರಿಯರು ಕನ್ನಡದಲ್ಲಿ ಬರೆಯುವುದನ್ನೇ ಬಿಡುತ್ತಿದ್ದಾರೆ. ಗಾಜಿನ ಮೇಲೆ ಬರೆಯಲಾಗದೆ ಕೆಲವರು ಧ್ವನಿಯಲ್ಲಿ ಹೇಳಿ ಕಳುಹಿಸುತ್ತಾರೆ, ಇನ್ನು ಕೆಲವರು ಇಂಗ್ಲಿಷ್ ಲಿಪಿಯಲ್ಲಿ ಅರೆಬರೆ ಕನ್ನಡವನ್ನು ಒತ್ತಿ ಕೈಮುಗಿದ ಚಿತ್ರವೊಂದನ್ನು ಸೇರಿಸಿ ಮುಗಿಸುತ್ತಾರೆ. ಐವತ್ತು ವರ್ಷ ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನವರೆಗೂ ಬರೆದು ತುಂಬಿಸುತ್ತಿದ್ದ ತಲೆಮಾರು ಇದು. ಇವರಿಗೆ ಅಂಗೈಯಗಲದ ಕೀಲಿಮಣೆಯೊಂದು ದೊರೆತು, ಅದರಲ್ಲಿ ಕನ್ನಡ ಬೀಳುವಂತಾದರೆ ಎಷ್ಟು ಬರಹ ಉಳಿದೀತೆಂಬುದನ್ನು ಯಾರು ಲೆಕ್ಕ ಹಾಕಿದ್ದಾರೆ?

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡಬಯಸುತ್ತೇನೆ. ಈ ರಾಜ್ಯೋತ್ಸವದ ದಿನ ಮಧ್ಯಾಹ್ನ ಒಂದೆರಡು ಗಂಟೆಗಳನ್ನು ಇದಕ್ಕೆ ಮೀಸಲಿಡೋಣ. ಪುಣೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಲಿನಕ್ಸ್ ಹೊಸದಲ್ಲ. ಮನೆಯ ಪೆಟ್ಟಿಗೆಗಳ ತಳದಲ್ಲಿ ಬಿದ್ದಿರುವ ಕೀಲಿಯ ಫೋನುಗಳನ್ನು ಎಲ್ಲರೂ ತರಲಿ. ಯಾವುದರ ಬೀಗ ತೆರೆಯುತ್ತದೆ, ಯಾವುದರಲ್ಲಿ ಕಗಪ ನಡೆಯುತ್ತದೆ, ಯಾವ ಒತ್ತಕ್ಷರ ಪರದೆಯ ಮೇಲೆ ಮುರಿದು ಬೀಳುತ್ತದೆಂಬುದನ್ನು ಆ ಮಕ್ಕಳು ಪರೀಕ್ಷಿಸಿ ಬರೆದಿಡಲಿ. ಮುಕ್ತ ಯೋಜನೆಗಳನ್ನು ನಡೆಸುವವರಿಗೆ ಹಣಕ್ಕಿಂತಲೂ ಇಂಥ ದೋಷಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಫಿನ್ಲೆಂಡಿನಲ್ಲೋ ಜರ್ಮನಿಯಲ್ಲೋ ಕುಳಿತವನಿಗೆ ‘ರ್ಕ’ ಸರಿಯಾಗಿ ಮೂಡಿತೋ ಇಲ್ಲವೋ ಎಂಬುದು ನೋಡಿದರೂ ತಿಳಿಯದು. ಹಳೆಯ ಫೋನು ಇಲ್ಲದವರು, ತಂತಿಯಿಂದ ಜೋಡಿಸುವ ಸಣ್ಣ ಕೀಲಿಮಣೆಯೊಂದನ್ನು ತಮ್ಮ ಈಗಿನ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿ ನೋಡಬಹುದು. ಅದರಲ್ಲಿ ಇಂಗ್ಲಿಷ್ ತಾನಾಗಿ ಬರುತ್ತದೆ, ಕನ್ನಡಕ್ಕೆ ಪ್ರತ್ಯೇಕ ತಂತ್ರಾಂಶವನ್ನು ಹುಡುಕಬೇಕಾಗುತ್ತದೆ. ಜೊತೆಗೆ ಚಾರ್ಜರನ್ನು ಮರೆಯದೆ ತರಬೇಕು, ಹಳೆಯ ಫೋನುಗಳ ತೂತುಗಳು ಒಂದಕ್ಕೊಂದು ಹೊಂದುವುದಿಲ್ಲ. ಬ್ಯಾಟರಿ ಉಬ್ಬಿರುವ ಫೋನನ್ನು ಮಾತ್ರ ದಯವಿಟ್ಟು ಯಾರೂ ತರಬಾರದು, ಚಾರ್ಜಿಗೆ ಹಾಕಬಾರದು, ಚುಚ್ಚಿ ನೋಡಲೂ ಬಾರದು, ಅದು ಹೊತ್ತಿಕೊಳ್ಳುತ್ತದೆ.